ಹೆಸರೇನಿತ್ತು ಅಜ್ಜಿ?

ಭಾನುವಾರದ ಆ ವಿಡಿಯೋ ಕಾಲ್ ಆದಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಜಗಳವೇನೂ ಆಗಲಿಲ್ಲ. ಆರನೇ ಕ್ಲಾಸಿನ ನನ್ನ ಮಗಳು ಯಲ್ಲಾಪುರದಲ್ಲಿರುವ ಅಜ್ಜಿಗೆ ಒಂದು ಪ್ರಶ್ನೆ ಕೇಳಿದಳು, ಅಷ್ಟೇ.

"ಕೂಸೇ, ಶಾಲೆಯಲ್ಲಿ ಏನು ನಡೀತಾ ಇದ್ದು?" ಅಂತ ಆಯಿ, ಅಂದರೆ ನನ್ನ ಅಮ್ಮ, ಮಾತು ತೆಗೆದಳು. ಇದು ಫೆಬ್ರವರಿ, ಅಮೆರಿಕದ ಶಾಲೆಗಳಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಮಗಳು ಕನ್ನಡ ಪದಕ್ಕೆ ತಡಕಾಡಿದಳು. "ಕರಿಯರು" ಅನ್ನಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ. ಕೊನೆಗೆ, "ಆಫ್ರಿಕಾದಿಂದ ಗುಲಾಮರಾಗಿ ಹಿಡ್ಕೊಂಡು ಬಂದ್ರಲ್ಲಾ ಅಜ್ಜಿ, ಅವರ ಬಗ್ಗೆ" ಅಂದಳು.

"ಓ, ನಮ್ಮ ಬದಿಯ ಸಿದ್ದಿಯರ ಹಂಗೆ" ಅಂದಳು ಆಯಿ. "ನಮ್ಮ ತೋಟಕ್ಕೂ ಒಬ್ಬಳು ಬರ್ತಿದ್ದಳು. ಹದಿನೈದು ವರ್ಷ ಬಂದಳು. ಎಷ್ಟು ಗಟ್ಟಿ ಆಳು!"

"ಅವರ ಹೆಸರೇನಿತ್ತು ಅಜ್ಜಿ?"

ಆಯಿ ಏನೋ ಹೇಳಲು ಹೊರಟು ನಿಂತಳು. ಫೋನಿನ ಪರದೆ ಹೆಪ್ಪುಗಟ್ಟಿತೇನೋ ಅಂದುಕೊಂಡೆ. ಇಲ್ಲ, ಹಿಂದೆ ಫ್ಯಾನ್ ತಿರುಗುತ್ತಲೇ ಇತ್ತು. "ಸಿದ್ದಿ ಹೆಂಗಸು ಅಂತಲೇ ಹೇಳ್ತಿದ್ವಲ್ಲೇ... ಆಗ ಹಂಗೇ ಇತ್ತು" ಅಂದಳು.

ಆಯಿ ಕೆಟ್ಟವಳಲ್ಲ. ಹಸಿದು ಬಂದವರನ್ನು ಹಾಗೇ ಕಳಿಸಿದವಳಲ್ಲ. ಆ ಹೆಂಗಸು ನನಗೂ ನೆನಪಿದ್ದಾರೆ. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ನೋಡನೋಡುತ್ತಲೇ ಬುಟ್ಟಿ ತುಂಬುತ್ತಿತ್ತು. ಊಟ ಮಾತ್ರ ಕೊಟ್ಟಿಗೆಯ ಜಗಲಿಯಲ್ಲಿ, ಬಾಳೆಲೆ ಮೇಲೆ. ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಎಷ್ಟೋ ಸಲ ನಾನೇ ಹೊಯ್ದಿದ್ದೇನೆ. ಅವರ ಬೊಗಸೆ ನೆನಪಿದೆ. ಹೆಸರು ನೆನಪಿಲ್ಲ.

ಮಗಳು ಸುಮ್ನೆ ಕೇಳಿದ ಪ್ರಶ್ನೆಯಲ್ಲ ಅದು. ಹಿಂದಿನ ವಾರ ಅವಳ ಟೀಚರ್ ಕ್ಲಾಸಿನಲ್ಲಿ ಎಲ್ಲರಿಗೂ ಒಂದು ಹಳೆಯ ಹಾಳೆಯ ಪ್ರತಿ ಕೊಟ್ಟಿದ್ದರು. 1860ರ ಜನಗಣತಿಯಲ್ಲಿ ಗುಲಾಮರನ್ನು ಲೆಕ್ಕ ಹಾಕಿದ ಪಟ್ಟಿ. ಮಾಲೀಕನ ಹೆಸರು ಇದೆ. ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. 34, ಹೆಣ್ಣು. 9, ಗಂಡು. ಆಗ ಈ ದೇಶದಲ್ಲಿ ಸುಮಾರು 40 ಲಕ್ಷ ಜನ ಗುಲಾಮರಿದ್ದರು. 1850ರಲ್ಲೂ 1860ರಲ್ಲೂ ಸಾಮಾನ್ಯವಾಗಿ ಅವರ ಹೆಸರನ್ನೇ ಬರೆಯಲಿಲ್ಲ. ಬಿಡುಗಡೆಯಾದ ಮೇಲೆ, 1870ರ ಗಣತಿಯಲ್ಲಿ, ಅವರ ಹೆಸರುಗಳು ಮೊದಲ ಸಲ ಬಂದವು. ಇವತ್ತಿಗೂ ತಮ್ಮ ಮನೆತನ ಹುಡುಕಲು ಹೊರಟ ಕಪ್ಪು ಜನ ಅಲ್ಲಿಗೆ ಬಂದು ನಿಲ್ಲುತ್ತಾರೆ. ಅದನ್ನು 1870ರ ಗೋಡೆ ಅಂತಲೇ ಕರೆಯುತ್ತಾರೆ.

ಟೀಚರ್ ಭಾಷಣ ಮಾಡಲಿಲ್ಲವಂತೆ. "ಈ ಹಾಳೆಯಲ್ಲಿ ಏನಿಲ್ಲ, ಹೇಳಿ" ಅಂತ ಮಾತ್ರ ಕೇಳಿದರಂತೆ. ಎಂಥ ಟೀಚರ್! ನಮ್ಮ ಜಾರ್ಜಿಯಾ ರಾಜ್ಯದಲ್ಲಿ 2022ರಲ್ಲಿ ಒಂದು ಕಾನೂನು ಬಂದಿದೆ. ಜನಾಂಗದ ವಿಷಯದಲ್ಲಿ ಒಡಕು ತರುವ ವಿಚಾರಗಳು ಅಂತ ಒಂದು ಪಟ್ಟಿ ಮಾಡಿ, ಅವನ್ನು ಬೋಧಿಸಬಾರದು ಅನ್ನುತ್ತದೆ. ಇತಿಹಾಸ ಹೇಳಬೇಡಿ ಅಂತ ಅದರಲ್ಲಿಲ್ಲ. ಆದರೂ ಟೀಚರುಗಳು ಒಂದೊಂದು ಮಾತನ್ನೂ ತೂಗಿ ಆಡಬೇಕಾಗಿದೆ. ಇವರು ಆಡಲೇ ಇಲ್ಲ, ಹಾಳೆಯನ್ನು ಮಕ್ಕಳ ಕೈಗೆ ಕೊಟ್ಟರು.

ಅದಾದ ಮೇಲೆ ಮಗಳು ಹಟ ಹಿಡಿದಳು ಅಂತ ನಾವು ಪಕ್ಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಬಂದೆವು. ಎರಡೂವರೆ ಗಂಟೆ ದಾರಿ. ಅಲ್ಲಿನ ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ 1963ರ ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ ಬಾಂಬ್ ಇಟ್ಟು ನಾಲ್ಕು ಹುಡುಗಿಯರನ್ನು ಕೊಂದರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರಲ್ ರಾಬರ್ಟ್‌ಸನ್, ಮೂವರಿಗೂ 14. ಡೆನೀಸ್ ಮೆಕ್‌ನೇರ್‌ಗೆ 11, ನನ್ನ ಮಗಳ ವಯಸ್ಸು. ತಪ್ಪಿತಸ್ಥರಲ್ಲಿ ಕೊನೆಯವನಿಗೆ ಶಿಕ್ಷೆಯಾದದ್ದು 2002ರಲ್ಲಿ. ಅದೇ 1963ರ ಮೇ ತಿಂಗಳಲ್ಲಿ ಸಾವಿರಕ್ಕೂ ಜಾಸ್ತಿ ಮಕ್ಕಳು ಶಾಲೆ ಬಿಟ್ಟು, ಇದೇ ಚರ್ಚಿನಿಂದ ಮೆರವಣಿಗೆ ಹೊರಟಿದ್ದರು. ಅವರ ಮೇಲೆ ಪೊಲೀಸರು ನಾಯಿ ಬಿಟ್ಟರು, ಅಗ್ನಿಶಾಮಕ ದಳದವರು ಬೆಂಕಿ ಆರಿಸುವ ಪೈಪಿನಿಂದ ನೀರು ಹಾರಿಸಿದರು. ಆಡ್ರಿ ಫೇ ಹೆಂಡ್ರಿಕ್ಸ್ ಅನ್ನುವ ಹುಡುಗಿ 9ನೇ ವಯಸ್ಸಿಗೇ ಒಂದು ವಾರ ಜೈಲಿನಲ್ಲಿದ್ದಳು. ಮಗಳು ಈ ಹೆಸರುಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡಳು. ಕಾರಿನಲ್ಲಿ ವಾಪಸ್ ಬರುವಾಗ ಗಟ್ಟಿಯಾಗಿ ಓದಿಕೊಂಡಳು.

ಅದೇ ಅಭ್ಯಾಸದಲ್ಲಿ ಅಜ್ಜಿಗೂ ಕೇಳಿದ್ದು.

ಇದನ್ನು ನಮ್ಮ ಕನ್ನಡ ಬಳಗದ ಹಿರಿಯರೊಬ್ಬರಿಗೆ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. "ಇಷ್ಟು ಚಿಕ್ಕ ಮಕ್ಕಳ ತಲೆಗೆ ಇದೆಲ್ಲ ಯಾಕಮ್ಮಾ? ಅವರ ಕಥೆಗೂ ನಮಗೂ ಏನು ಸಂಬಂಧ? ನಾವು ಓದಿ, ಕಷ್ಟಪಟ್ಟು ಬಂದವರು" ಅಂದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ಮಾತು ಒಪ್ಪಲಾರೆ. 1946ರ ಕಾನೂನಿನ ಪ್ರಕಾರ ವರ್ಷಕ್ಕೆ 100 ಭಾರತೀಯರು ಮಾತ್ರ ಇಲ್ಲಿ ನೆಲೆಸಲು ಬರಬಹುದಿತ್ತು. ಆ ಬಾಗಿಲು ದೊಡ್ಡದಾದದ್ದು 1965ರ ವಲಸೆ ಕಾನೂನಿನಿಂದ. ಬಣ್ಣ, ಹುಟ್ಟಿದ ದೇಶ ನೋಡಿ ಜನರನ್ನು ಅಳೆಯುವುದು ತಪ್ಪು ಅಂತ ಈ ದೇಶ ಒಪ್ಪಿಕೊಳ್ಳುವ ಹಾಗೆ ಮಾಡಿದ್ದು ಬೀದಿಗಿಳಿದ ಕಪ್ಪು ಜನ. ಪೈಪಿನ ನೀರಿಗೆ ಎದೆಕೊಟ್ಟ ಆ ಮಕ್ಕಳೂ ಅವರಲ್ಲಿದ್ದರು. ನಾವು ಓದಿದ್ದು ನಿಜ. ಬಾಗಿಲು ತೆಗೆಸಿದವರು ಬೇರೆಯವರು, ಅಲ್ವಾ?

ಮತ್ತೆ ಮತ್ತೆ ಆ ಭಾನುವಾರಕ್ಕೇ ಮನಸ್ಸು ಹೋಗುತ್ತದೆ. "ಹೆಸರೇನಿತ್ತು ಅಜ್ಜಿ?" ತಿರುಗುತ್ತಿದ್ದ ಫ್ಯಾನ್. "ಆಗ ಹಂಗೇ ಇತ್ತು." ಸಿದ್ದಿಯರ ಹಿರಿಯರಲ್ಲಿ ಅನೇಕರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡವರು ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಕಾಡು ಸೇರಿದರು. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅದೇ ತಾಲೂಕಿನಲ್ಲಿ ಹತ್ತು ವರ್ಷ ಶಾಲೆಗೆ ಹೋದವಳು ನಾನು. ಇದರಲ್ಲಿ ಒಂದು ಸಾಲನ್ನೂ ನನಗೆ ಯಾರೂ ಕಲಿಸಲಿಲ್ಲ. ನಮ್ಮ ಮನೆಯಲ್ಲಿ ಕೂಲಿ ಕೊಡುತ್ತಿದ್ದರು, ಯಾರನ್ನೂ ಕೊಂಡು ತಂದಿರಲಿಲ್ಲ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಮಗಳಿಗೂ ಹಾಗೆ ಹೇಳಿಲ್ಲ. ಆದರೆ ಹದಿನೈದು ವರ್ಷ ಅಂದರೆ ಎಷ್ಟು ಸಾವಿರ ದಿನ!

ಮಂಗಳವಾರ ಊರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅಪ್ಪಯ್ಯನ ಕೂಲಿ ಲೆಕ್ಕದ ಪುಸ್ತಕಗಳು ಅಟ್ಟದ ಮೇಲಿದ್ದವು. ಅಣ್ಣ ಹುಡುಕಿ, ಒಂದು ಪುಟದ ಫೋಟೋ ಕಳಿಸಿದ. ಅಪ್ಪಯ್ಯನ ಅಕ್ಷರ ದುಂಡಗೆ, ಮುದ್ದಾಗಿದೆ. ಬೇರೆ ಆಳುಗಳ ಹೆಸರಿದೆ. ಔಷಧಿಯ ಖರ್ಚು ಬರೆದಲ್ಲಿ ಎತ್ತಿನ ಹೆಸರೂ ಇದೆ. ಅದರ ಕೆಳಗೆ, "ಸಿದ್ದಿ ಹೆಣ್ಣಾಳು 1".

ಮಗಳಿಗೆ ತೋರಿಸಬೇಕೋ ಬೇಡವೋ ಅಂತ ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ತೋರಿಸಿದೆ. ಅವಳು ಎರಡು ಬೆರಳಿನಿಂದ ಆ ಸಾಲನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದಳು. ಅಜ್ಜನ ಬಗ್ಗೆ ಏನೂ ಹೇಳಲಿಲ್ಲ. "ಅವರ ಮನೆಯವರು ಈಗಲೂ ಅಲ್ಲೇ ಇದ್ದಾರಾ?" ಅಂತ ಕೇಳಿದಳು.

ನಿನ್ನೆ ರಾತ್ರಿ ಆಯಿ ತಾನಾಗಿಯೇ ಫೋನ್ ಮಾಡಿದ್ದಳು. ಅವಳಿಗೂ ನಿದ್ದೆ ಇಲ್ಲವಂತೆ. "ಹೆಸರು ನೆನಪಾಗ್ತಾ ಇಲ್ಲೆ. ಆದರೆ ಅವಳಿಗೊಬ್ಬ ಮಗ ಇದ್ದ, ಲಾರಿ ಕೆಲಸಕ್ಕೆ ಹೋಗ್ತಿದ್ದ. ಕೂಸಿಗೆ ಹೇಳು" ಅಂದಳು. ಅಣ್ಣ ಶನಿವಾರ ಅವರ ಕೇರಿಗೆ ಹೋಗಿ ಕೇಳಿಕೊಂಡು ಬರುತ್ತಾನೆ.