ಎರೆಮಣ್ಣು ಸೇರಿಸಿದ ಮೇಲೆ ಮರಳಿನ ಪೈಪು ಏನು ಮಾಡಿತು: ಎಣ್ಣೆ ಹಿಡಿಯುವ ಕಲ್ಲಿನ ಪ್ರಯೋಗ

ಈ ಸಲ ಮರಳು ತುಂಬಿದ ಪೈಪಿಗೆ ಎರೆಮಣ್ಣು ಹಾಕಿ, ನೀರು ಹೇಗೆ ಹರಿಯುತ್ತದೆ ಎಂದು ನೋಡಿದೆ. ಬಂದ ಫಲಿತಾಂಶ ಕಂಡು ತುಂಬಾ ಖುಷಿಯಾಯಿತು, ಅದಕ್ಕೇ ತಡಮಾಡದೆ ಬರೆಯುತ್ತಿದ್ದೇನೆ.

ಹೊಸದಾಗಿ ಓದುವವರಿಗೆ ಚುಟುಕಾಗಿ ಹೇಳುತ್ತೇನೆ. ನೆಲದಡಿಯ ಕಚ್ಚಾ ಎಣ್ಣೆ ಕೆರೆ ಕಟ್ಟಿಕೊಂಡು ನಿಂತಿರುವುದಿಲ್ಲ, ಮರಳುಗಲ್ಲಿನ ಕಾಳುಗಳ ಸಂದಿಯಲ್ಲಿ ತುಂಬಿರುತ್ತದೆ. ಸಂದಿ ಎಷ್ಟಿದೆ ಅನ್ನುವುದು ಪೊರಾಸಿಟಿ. ಅದರ ಮೂಲಕ ಎಷ್ಟು ಸಲೀಸಾಗಿ ಹರಿದು ಬರುತ್ತದೆ ಅನ್ನುವುದು ಪರ್ಮಿಯಬಿಲಿಟಿ. ಹೆಚ್ಚಿನವರು ಮೊದಲನೆಯದನ್ನು ಕೇಳಿ ಸುಮ್ಮನಾಗುತ್ತಾರೆ. ನನಗೆ ಎರಡನೆಯದರ ಮೇಲೇ ಕಣ್ಣು. ದಾವಣಗೆರೆ ನೆಲದಡಿ ಇರುವುದು ಹಳೇ ಗ್ರಾನೈಟು, ನೈಸ್ ಎಂಬ ಗಟ್ಟಿ ಕಲ್ಲುಗಳು. ಇಲ್ಲಿ ಎಣ್ಣೆ ಸಿಗುವ ಮಾತೇ ಇಲ್ಲ. ಆದರೆ ಹರಿಹರದ ಕಡೆಯ ಹೊಳೆ ಮರಳೂ ಇದೆ, ಎರೆಹೊಲವೂ ಇದೆ, ಪ್ರಯೋಗಕ್ಕೆ ಅಷ್ಟು ಸಾಕು.

ಪಕ್ಕದಲ್ಲಿ ಮನೆ ಕಟ್ಟಿಸುತ್ತಿದ್ದಾರೆ, ಅಲ್ಲಿನ ಮೇಸ್ತ್ರಿ ಒಂದು ಬುಟ್ಟಿ ಹೊಳೆ ಮರಳು ಕೊಟ್ಟರು. ತೊಳೆದು ಒಣಗಿಸಿ, ರವೆ ಜರಡಿ, ಹಿಟ್ಟಿನ ಜರಡಿ ಎರಡರಲ್ಲೂ ಹಿಡಿದು ದಪ್ಪ, ಸಣ್ಣ ಎಂದು ಬೇರೆ ಮಾಡಿಕೊಂಡೆ. 100 ಮಿಲಿ ದಪ್ಪ ಮರಳಿಗೆ 38 ಮಿಲಿ ನೀರು ಹಿಡಿಸಿತು. ಸಣ್ಣದಕ್ಕೂ ಹೆಚ್ಚುಕಡಿಮೆ ಅಷ್ಟೇ. ಕಾಳುಗಳೆಲ್ಲ ಒಂದೇ ಅಳತೆಯವಾದರೆ, ದಪ್ಪವಿರಲಿ ಸಣ್ಣವಿರಲಿ, ಖಾಲಿ ಜಾಗದ ಪಾಲು ಬದಲಾಗುವುದಿಲ್ಲ. ಎರಡನ್ನೂ ಬೆರೆಸಿದರೆ ಮಾತ್ರ ಇಳಿಯುತ್ತದೆ, ಯಾಕೆಂದರೆ ಸಣ್ಣವು ದಪ್ಪದವುಗಳ ಸಂದಿಗೆ ಹೋಗಿ ಕೂರುತ್ತವೆ.

ಆಮೇಲೆ 1.5 ಇಂಚಿನ ಪಿವಿಸಿ ಪೈಪಿನ ತಳಕ್ಕೆ ಬಟ್ಟೆ ಕಟ್ಟಿ, ಮರಳು ತುಂಬಿ, ಮೇಲೆ ನೀರಿನ ಮಟ್ಟ ಇಳಿಯದಂತೆ ನೋಡಿಕೊಂಡು ಬಿಟ್ಟೆ. ಫ್ರಾನ್ಸಿನ ಹೆನ್ರಿ ಡಾರ್ಸಿ ಡಿಜಾನ್ ಊರಿನ ನೀರಿನ ವ್ಯವಸ್ಥೆಗಾಗಿ ಇದನ್ನೇ ದೊಡ್ಡದಾಗಿ ಮಾಡಿ 1856ರಲ್ಲಿ ಪ್ರಕಟಿಸಿದ್ದು. ಪರ್ಮಿಯಬಿಲಿಟಿಯ ಅಳತೆಗೆ ಇವತ್ತಿಗೂ ಅವನದೇ ಹೆಸರು. ದಪ್ಪ ಮರಳಿನಲ್ಲಿ ಒಂದು ಲೋಟ ನೀರು ಒಂದು ನಿಮಿಷದೊಳಗೆ ಇಳಿದುಹೋಯಿತು, ಸಣ್ಣದರಲ್ಲಿ ಅದೇ ಲೋಟಕ್ಕೆ 10 ನಿಮಿಷ ಬೇಕಾಯಿತು. ಪೊರಾಸಿಟಿ ಒಂದೇ, ಹರಿವು ಎಲ್ಲಿಂದೆಲ್ಲಿಗೆ! ಕಾಳಿನ ಅಡ್ಡಳತೆ ಮೂರರಲ್ಲೊಂದು ಪಾಲಾದರೆ ಹರಿವು ಸುಮಾರು ಒಂಬತ್ತರಲ್ಲೊಂದು ಪಾಲಾಗುತ್ತದೆ, ಲೆಕ್ಕ ವರ್ಗದ್ದು.

ಇನ್ನು ಎರೆಮಣ್ಣು. 500 ಗ್ರಾಂ ದಪ್ಪ ಮರಳಿಗೆ ಬರೀ 25 ಗ್ರಾಂ ಪುಡಿ ಮಾಡಿದ ಎರೆಮಣ್ಣು ಬೆರೆಸಿದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲ ಮಳೆ ಬಿದ್ದ ಮೇಲೆ ಊದಿ ಮುಚ್ಚಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ, ಅದಕ್ಕೆ ಕಾರಣ ಸ್ಮೆಕ್ಟೈಟ್ ಅನ್ನೋ ಜೇಡಿ ಖನಿಜ. ಎಣ್ಣೆ ಇರುವ ಎಷ್ಟೋ ಮರಳುಗಲ್ಲುಗಳಲ್ಲೂ ಇದೇ ಇರುತ್ತದೆ. ಅಂಥ ಕಡೆ ಬಾವಿಗೆ ಸಿಹಿನೀರು ಬಿಟ್ಟರೆ ಸಂದಿ ಕಟ್ಟಿಕೊಳ್ಳುತ್ತದೆ ಎಂದು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಸಾಮಾನ್ಯವಾಗಿ 2 ಶೇಕಡಾದಷ್ಟು. ಅದು ನಮ್ಮ ಗೊಬ್ಬರದ ಅಂಗಡಿಯ ಪೊಟ್ಯಾಷೇ! ಲೀಟರಿಗೆ 20 ಗ್ರಾಂ ಕರಗಿಸಿ, ಕೆಂಪು ಗಸಿಯನ್ನು ಬಟ್ಟೆಯಲ್ಲಿ ಸೋಸಿ, ಮೊದಲು ಆ ನೀರನ್ನೇ ಬಿಟ್ಟೆ. ಬರಿ ಮರಳಿನಷ್ಟು ಜೋರಾಗಿ ಅಲ್ಲದಿದ್ದರೂ ಒಂದೇ ಸಮನೆ ಹರಿಯಿತು. ತಿಳಿನೀರು.

ಆಮೇಲೆ ಉಪ್ಪಿನಂಶ ತೆಗೆದ ಆರ್‌ಒ ನೀರಿಗೆ ಬದಲಾಯಿಸಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಪೈಪಿನೊಳಗಿದ್ದ ಪೊಟ್ಯಾಷ್ ನೀರು ಖಾಲಿಯಾಗುತ್ತಿದ್ದಂತೆ ತಳದಲ್ಲಿ ಬೂದು ಬಣ್ಣದ ನೀರು ಕಾಣಿಸಿಕೊಂಡಿತು, ಧಾರೆ ಸಣ್ಣಗಾಯಿತು, ಕೊನೆಗೆ ಬಟ್ಟೆಯ ನಡುವೆ ಒಂದು ಹನಿ ದಪ್ಪವಾಗಿ ತೂಗಾಡಿ ಬೀಳುವುದಕ್ಕೇ ಎಷ್ಟೋ ಹೊತ್ತು ಬೇಕಾಯಿತು. ಮತ್ತೆ ಪೊಟ್ಯಾಷ್ ನೀರು ಬಿಟ್ಟರೂ ಮೊದಲಿನ ಹರಿವು ಬರಲಿಲ್ಲ. ಮಣ್ಣು ಊದಿದ್ದಷ್ಟೇ ಅಲ್ಲ, ಕಣಗಳು ಬಿಟ್ಟುಕೊಂಡು ಹೋಗಿ ಇಕ್ಕಟ್ಟಿನ ಜಾಗಗಳಲ್ಲಿ ಸಿಕ್ಕಿಹಾಕಿಕೊಂಡಿವೆ. ಅಮೆರಿಕದ ಬೆರಿಯಾ ಮರಳುಗಲ್ಲಿನಲ್ಲಿ ಉಪ್ಪುನೀರಿನ ಹಿಂದೆಯೇ ಸಿಹಿನೀರು ಬಿಟ್ಟಾಗಲೂ ಪರ್ಮಿಯಬಿಲಿಟಿ ಹೀಗೇ ಕುಸಿಯುತ್ತದೆ. 25 ಗ್ರಾಂ ಮಣ್ಣು ಕಿತ್ತುಕೊಂಡ ಜಾಗ ಎಷ್ಟು? ಲೆಕ್ಕ ಹಾಕಿದರೆ ಪೊರಾಸಿಟಿ ಶೇಕಡಾ 38ರಿಂದ 35ರ ಹತ್ತಿರ ಬರುತ್ತದೆ, ಅಷ್ಟೇ. ಆ ಒಂದು ಅಂಕಿ ನೋಡಿದವರಿಗೆ ಈ ಪೈಪು ಚೆನ್ನಾಗೇ ಇದೆ ಅನ್ನಿಸುತ್ತದೆ.

ನಿಜವಾದ ಕಲ್ಲಿನಲ್ಲಿ ಇನ್ನೂ ಸೂಕ್ಷ್ಮ. ಉತ್ತರ ಸಮುದ್ರದಡಿಯ ರೋಟ್ಲಿಗೆಂಡ್ ಮರಳುಗಲ್ಲಿನಲ್ಲಿ ಇಲ್ಲೈಟ್ ಎಂಬ ಜೇಡಿ ಕೂದಲೆಳೆಯಂತೆ ಸಂದಿಗೆ ಅಡ್ಡಡ್ಡ ಬೆಳೆದಿರುತ್ತದೆ. ಜಾಗ ಹೆಚ್ಚೇನೂ ತಿನ್ನುವುದಿಲ್ಲ, ದಾರಿ ಮಾತ್ರ ಮುಚ್ಚುತ್ತದೆ. ತೆಗೆದ ಕಲ್ಲನ್ನು ಸುಮ್ನೆ ಗಾಳಿಗೆ ಒಣಗಿಸಿದರೆ ಆ ಎಳೆಗಳು ಕುಸಿದು ಗೋಡೆಗೆ ಅಂಟಿಕೊಳ್ಳುತ್ತವೆ, ಪ್ರಯೋಗಾಲಯದಲ್ಲಿ ಹರಿವು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ರಾಜಸ್ಥಾನದ ಬಾರ್ಮೇರ್‌ನಲ್ಲಿ 2004ರಲ್ಲಿ ಸಿಕ್ಕ ಮಂಗಳಾ ನಿಕ್ಷೇಪದ್ದು ಬೇರೆಯೇ ಕಥೆ: ಅಲ್ಲಿನ ಫತೇಗಢ ಮರಳುಗಲ್ಲಿನಲ್ಲಿ ಹರಿವು ಡಾರ್ಸಿಗಳ ಲೆಕ್ಕದಲ್ಲಿದೆ, ಅಂದರೆ ತುಂಬಾ ಸಲೀಸು, ಆದರೆ ಎಣ್ಣೆಯೇ ಮೇಣದಂಥದ್ದು, ಬಿಸಿ ಇಳಿದರೆ ಗಟ್ಟಿಯಾಗುತ್ತದೆ.

ಮುಂದಿನ ಸಲ ಅದೇ 25 ಗ್ರಾಂ ಎರೆಮಣ್ಣನ್ನು ಬೆರೆಸದೆ, ಮರಳಿನ ನಡುವೆ ತೆಳ್ಳಗಿನ ಪದರವಾಗಿ ಹಾಸುತ್ತೇನೆ. ಒಂದು ಪೈಪಿನಲ್ಲಿ ಹರಿವಿಗೆ ಅಡ್ಡಲಾಗಿ, ಇನ್ನೊಂದರಲ್ಲಿ ಹರಿವಿನ ಉದ್ದಕ್ಕೆ. ಎರಡನೆಯದು ಸಿಹಿನೀರಿಗೂ ಜಗ್ಗುವುದಿಲ್ಲ ಅಂತ ನನ್ನ ಅಂದಾಜು. ಪದರ ನೆಟ್ಟಗೆ ನಿಲ್ಲುವಂತೆ ಮರಳು ತುಂಬುವುದು ಹೇಗೆ ಅಂತ ಯಾರಿಗಾದರೂ ಹೊಳೆದರೆ ಹೇಳಿ.