ಗೂನ್ ಶೋ: ಕಿವಿಗಾಗಿಯೇ ಹುಟ್ಟಿದ ಹಾಸ್ಯ

ವೇಷವಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಬರಿಯ ಅರ್ಥಗಾರಿಕೆಯಿಂದಲೇ ಕುರುಕ್ಷೇತ್ರವನ್ನು ಕಟ್ಟಿ ನಿಲ್ಲಿಸುವ ತಾಳಮದ್ದಳೆಯನ್ನು ಕೇಳುತ್ತ ಬೆಳೆದ ನಮ್ಮ ಕಾಸರಗೋಡಿನವರಿಗೆ ಬಿಬಿಸಿ ರೇಡಿಯೋದ ‘ದಿ ಗೂನ್ ಶೋ’ ತೀರಾ ಪರಕೀಯವೆನಿಸಲಾರದು. ಅಲ್ಲಿಯೂ ರಂಗಸ್ಥಳವಿರುವುದು ಕೇಳುಗನ ಮನಸ್ಸಿನಲ್ಲಿಯೇ.

1951ರ ಮೇ 28ರಂದು ‘ಕ್ರೇಜಿ ಪೀಪಲ್’ ಎಂಬ ಹೆಸರಿನಲ್ಲಿ ಆರಂಭವಾದ ಈ ಕಾರ್ಯಕ್ರಮಕ್ಕೆ ‘ಗೂನ್ ಶೋ’ ಎಂಬ ಹೆಸರು ಬಂದದ್ದು ಮರುವರ್ಷ. ಮೊದಲಿದ್ದ ನಾಲ್ವರಲ್ಲಿ ಮೈಕಲ್ ಬೆಂಟೀನ್ ಬೇಗನೆ ಹೊರನಡೆದರು; ಸ್ಪೈಕ್ ಮಿಲಿಗನ್, ಪೀಟರ್ ಸೆಲ್ಲರ್ಸ್ ಮತ್ತು ಹ್ಯಾರಿ ಸೀಕಂಬ್ 1960ರ ಜನವರಿ 28ರ ಕೊನೆಯ ಸಂಚಿಕೆಯವರೆಗೂ ಅದನ್ನು ನಡೆಸಿಕೊಂಡು ಹೋದರು. ಬರವಣಿಗೆಯ ಹೆಚ್ಚಿನ ಭಾರವನ್ನು ಹೊತ್ತ ಮಿಲಿಗನ್ 1918ರಲ್ಲಿ ಹುಟ್ಟಿದ್ದು ನಮ್ಮ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಸೈನಿಕನ ಮಗನಾಗಿ. ಭಾರತದಲ್ಲಿ ಸೇವೆ ಸಲ್ಲಿಸಿದ್ದೇನೆಂದು ಕೊಚ್ಚಿಕೊಳ್ಳುವ ಹೇಡಿ ಮೇಜರ್ ಬ್ಲಡ್‌ನಾಕ್‌ನ ಪಾತ್ರದಲ್ಲಿ ಆ ದಂಡುಪೇಟೆಯ ನೆನಪುಗಳು ಇಣುಕುತ್ತವೆ ಎಂದೇ ನಾನು ತಿಳಿದಿದ್ದೇನೆ.

ಒಂದು ಸಂಭಾಷಣೆಯನ್ನಂತೂ ಎಷ್ಟು ಸಲ ಕೇಳಿದರೂ ನನಗೆ ತೃಪ್ತಿಯಿಲ್ಲ. ಗಂಟೆ ಎಷ್ಟಾಯಿತೆಂದು ಬ್ಲೂಬಾಟಲ್ ಕೇಳುತ್ತಾನೆ. ಪೆದ್ದ ಎಕಲ್ಸ್ ಚೀಟಿಯೊಂದನ್ನು ನೋಡಿ ಎಂಟು ಗಂಟೆ ಎನ್ನುತ್ತಾನೆ. ಬೆಳಿಗ್ಗೆ ಯಾರೋ ಪುಣ್ಯಾತ್ಮರು ಅದನ್ನು ಬರೆದುಕೊಟ್ಟಿದ್ದರಂತೆ. ಬೇರೆ ಯಾರಾದರೂ ಗಂಟೆ ಕೇಳಿದಾಗ ಎಂಟಾಗಿರದಿದ್ದರೆ ಏನು ಮಾಡುವೆ ಎಂಬಲ್ಲಿಗೆ ಮಾತು ಬೆಳೆಯುತ್ತದೆ. ಇಬ್ಬರ ಸ್ವರದಲ್ಲಿಯೂ ಎಳ್ಳಷ್ಟೂ ಸಂಶಯವಿಲ್ಲದಿರುವುದರಿಂದ ಆ ಅಸಂಬದ್ಧಕ್ಕೂ ಒಂದು ತರ್ಕ ಹುಟ್ಟಿಬಿಡುತ್ತದೆ.

ಸದ್ದನ್ನು ಕತೆಯ ಹಿನ್ನೆಲೆಯಾಗಿ ಬಳಸದೆ, ಅದನ್ನೇ ಒಂದು ಪಾತ್ರವಾಗಿಸಿದ್ದು ಗೂನ್ ಶೋದ ಹೆಚ್ಚುಗಾರಿಕೆ. 1958ರಲ್ಲಿ ಸ್ಥಾಪನೆಯಾದ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್, ಬ್ಲಡ್‌ನಾಕ್‌ನ ಹೊಟ್ಟೆಯ ಗುಡುಗುಡು ಶಬ್ದವನ್ನು ವಿದ್ಯುನ್ಮಾನ ಧ್ವನಿಗಳಿಂದ ರಚಿಸಿಕೊಟ್ಟಿತು. ಆದರೆ ವಾರವಾರವೂ ಅರ್ಧ ಗಂಟೆಯ ಹೊಸ ಹಾಸ್ಯವನ್ನು ಬರೆಯುವ ಒತ್ತಡಕ್ಕೆ ಮಿಲಿಗನ್ ದುಬಾರಿ ಬೆಲೆ ತೆತ್ತರು. ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದ ಆ ಮನುಷ್ಯ ಮತ್ತೆ ಬಂದು ಬರೆಯಲು ಕುಳಿತರೆಂಬುದನ್ನು ನೆನೆದಾಗ ನನಗೆ ಗೌರವ ಉಕ್ಕುತ್ತದೆ.

1963ರಲ್ಲಿ ಬಿಬಿಸಿ ಇದೇ ಕತೆಗಳಿಗೆ ಗೊಂಬೆಗಳನ್ನು ಜೋಡಿಸಿ, ‘ಟೆಲಿಗೂನ್ಸ್’ ಎಂಬ ಹೆಸರಿನಲ್ಲಿ ದೂರದರ್ಶನಕ್ಕೆ ತಂದಿತು. ಸ್ವರಗಳು ಆ ಮೂವರವೇ. ಆದರೂ ಎಕಲ್ಸ್‌ಗೆ ಒಂದು ನಿರ್ದಿಷ್ಟ ಮುಖ ಬಂದೊಡನೆ, ಕೇಳುವಾಗ ನನ್ನೊಳಗೆ ಹುಟ್ಟಿದ್ದ ಎಕಲ್ಸ್ ಅಲ್ಲಿ ಇರಲಿಲ್ಲ.