ಕಂಠದೊಳಗಿನ ಕಂಟ

ಶುಕ್ರವಾರ, 12 ಏಪ್ರಿಲ್ 2024
ಕರ್ಕ್ಸ್‌ವಿಲ್, ಮಿಸ್ಸೌರಿ

ಸೋಮವಾರ ಸೂರ್ಯಗ್ರಹಣ, ಮಂಗಳವಾರ ಯುಗಾದಿ. ಎರಡೂ ಬಂದು ಹೋದವು, ನಾನು ಮಾತ್ರ ವಾರವಿಡೀ ಒಂದು ಎಲುಬಿನ ಹಿಂದೆಯೇ ಇದ್ದೇನೆ. ಉದ್ದ 47 ಮಿಲಿಮೀಟರ್, ದಪ್ಪ ಹೆಚ್ಚೆಂದರೆ ಪೆನ್ಸಿಲಿನ ಸೀಸದಷ್ಟು. ಒಬ್ಬ ಹೆಂಗಸಿನ ನಾಲ್ಕು ವರ್ಷಗಳನ್ನು ಅದು ತಿಂದುಹಾಕಿತ್ತು.

ಪೋಸ್ಟರಿನ ಕಡತ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ವೈದ್ಯಕೀಯ ಕಾಲೇಜಿನ ಮೂರನೇ ವರ್ಷದಲ್ಲಿ ನಾವು ಆಸ್ಪತ್ರೆ, ಕ್ಲಿನಿಕ್ ಎಂದು ಸುತ್ತುತ್ತಿರುತ್ತೇವೆ. ಅಪರೂಪದ ರೋಗಿಯೊಬ್ಬರು ಎದುರಾದರೆ ಆ ಕತೆಯನ್ನು ಬರೆದು, ಒಂದು ದಿನ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ವಿವರಿಸುತ್ತೇವೆ. ಇದು ನನ್ನ ಮೊದಲನೆಯದು.

ಆ ರೋಗಿಯ ವಯಸ್ಸು, ಕಸುಬು, ಊರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಈ ಕಡೆಯ ಹಳ್ಳಿಗಳು ಎಷ್ಟು ಚಿಕ್ಕವೆಂದರೆ, ಕಸುಬು ಹೇಳಿದರೆ ಮನೆಯನ್ನೇ ತೋರಿಸಿದ ಹಾಗೆ. ಪೋಸ್ಟರಿಗೆ ಅವರು ಸಹಿ ಹಾಕಿ ಒಪ್ಪಿಗೆ ಕೊಟ್ಟಿದ್ದಾರೆ. ಈ ದಿನಚರಿಗೂ ಬೇರೆಯಾಗಿ ಕೇಳಿ ಹೂಂ ಅನ್ನಿಸಿಕೊಂಡಿದ್ದೇನೆ.

ಅವರು ನಮ್ಮ ಕ್ಲಿನಿಕ್ಕಿಗೆ ಬಂದದ್ದು ಕತ್ತು ನೋವೆಂದು. ಎಡಕ್ಕೆ ತಿರುಗಿದರೆ ಗಂಟಲಿನಿಂದ ಕಿವಿಯವರೆಗೆ ಸೂಜಿ ಎಳೆದ ಹಾಗೆ ಆಗುತ್ತಿತ್ತಂತೆ. ಎಂಜಲು ನುಂಗಿದರೂ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ. ನಾಲ್ಕು ವರ್ಷದಲ್ಲಿ ಹುಳಿತೇಗಿನ ಮಾತ್ರೆ ಆಗಿತ್ತು, ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ ಏನೂ ಇಲ್ಲ ಎಂದದ್ದಾಗಿತ್ತು, ಕಡೆಗೆ ಮನಸ್ಸಿನ ಕಾಯಿಲೆ ಎಂದು ಅದಕ್ಕೂ ಒಂದು ಮಾತ್ರೆ ಬಂದಿತ್ತು. ಇದರ ನಡುವೆ ಎಲ್ಲೋ ಒಂದು ಕಡೆ ಗಟ್ಟಿಯಾಗಿದ್ದ ದವಡೆ ಹಲ್ಲೊಂದನ್ನೂ ಕಿತ್ತಿದ್ದರು. ನೋವು ಇದ್ದಲ್ಲೇ ಇತ್ತು.

ಇಲ್ಲಿ ನಾನು ಓದುವ ಓದಿನ ಬಗ್ಗೆ ಒಂದೆರಡು ಮಾತು ಹೇಳಬೇಕು, ಮನೆಯವರೂ ಇದನ್ನು ಓದುತ್ತಾರೆ. ಊರಿನಲ್ಲಿ ಡಿ.ಓ. ಎಂದರೆ ಕಣ್ಣಿನ ಡಿಪ್ಲೊಮಾ ಎಂದುಕೊಂಡು ಸೋದರಮಾವ ಇಂದಿಗೂ ನನ್ನ ಹತ್ತಿರ ಕನ್ನಡಕದ ನಂಬರು ವಿಚಾರಿಸುತ್ತಾರೆ. ಮಾವ, ಇದು ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್. ಅಮೆರಿಕದಲ್ಲಿ ಎಂ.ಡಿ. ಮಾಡಿದವರಂತೆಯೇ ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ತಿ ವೈದ್ಯರು. 2020ರಿಂದ ರೆಸಿಡೆನ್ಸಿ ತರಬೇತಿಯೂ ಇಬ್ಬರಿಗೂ ಒಂದೇ ಮಾನ್ಯತೆಯ ಕೆಳಗಿದೆ. ಹೆಚ್ಚಿಗೆ ನಾವು ಕಲಿಯುವುದು ಕೈಯ ವಿದ್ಯೆ: ಎಲುಬು, ಸ್ನಾಯು, ಕೀಲುಗಳನ್ನು ಮುಟ್ಟಿ ಅರಿಯುವುದು, ಒತ್ತಿ, ಎಳೆದು, ತಿರುಗಿಸಿ ಸಡಿಲಿಸುವುದು. ಇದಕ್ಕೇ ಸುಮಾರು 200 ಗಂಟೆಯ ಪಾಠವಿದೆ.

ಆ ದಿನ ನನ್ನ ಕೈ ತುರಿಸುತ್ತಿತ್ತು. ಕತ್ತನ್ನು ಒಂದು ಮಿತಿಯವರೆಗೆ ತಿರುಗಿಸಿ ತಟ್ಟನೆ ಸಣ್ಣ ಒತ್ತು ಕೊಡುವ ಒಂದು ತಂತ್ರವಿದೆ, ಎಚ್‌ವಿಎಲ್‌ಎ ಎನ್ನುತ್ತೇವೆ. ಊರಿನ ಕಟಿಂಗ್ ಶಾಪಿನಲ್ಲಿ ಕತ್ತನ್ನು ಲಟಕ್ ಅನ್ನಿಸುತ್ತಾರಲ್ಲ, ನೋಡುವವರಿಗೆ ಹಾಗೇ ಕಾಣುತ್ತದೆ. ಅಳತೆ ಬೇರೆ, ಮುಂಚೆ ಕೇಳಬೇಕಾದ ಪ್ರಶ್ನೆಗಳು ಬೇರೆ. ನನಗೆ ಅದು ಆಗಷ್ಟೇ ಕೈಗೆ ಕೂತಿತ್ತು. ಕುತ್ತಿಗೆಯ ಎರಡನೇ ಕೀಲು ಬಿಗಿಯಾಗಿದೆ, ಮಾಡಲೇ ಎಂದು ನಮ್ಮ ಡಾಕ್ಟರನ್ನು ಕೇಳಿದೆ.

ಅವರು ಉತ್ತರಿಸಲಿಲ್ಲ. ಸ್ಟೂಲು ಎಳೆದುಕೊಂಡು ರೋಗಿಯ ಎದುರು ಕೂತು, "ಒಂದೇ ಬೆರಳಲ್ಲಿ ತೋರಿಸಿ, ಎಲ್ಲಿ?" ಎಂದರು. ಆಕೆ ಕತ್ತಿನ ಹಿಂಭಾಗ ಮುಟ್ಟಲಿಲ್ಲ. ಎಡ ದವಡೆಯ ಮೂಲೆಯ ಕೆಳಗೆ ಬೆರಳಿಟ್ಟರು. ಡಾಕ್ಟರು ಕೈಗವಸು ಹಾಕಿಕೊಂಡು, ಹೇಳಿ ಒಪ್ಪಿಸಿ, ಬಾಯೊಳಗೆ ಎಡ ಟಾನ್ಸಿಲ್ಲಿನ ಗುಳಿಯನ್ನು ಮೆಲ್ಲಗೆ ಒತ್ತಿದರು. ಆಕೆಯ ಎರಡೂ ಕೈ ಕುರ್ಚಿಯ ಹಿಡಿಯನ್ನು ಬಿಗಿಹಿಡಿದವು, ಕಣ್ಣಲ್ಲಿ ನೀರು ಬಂತು. ಬೆರಳು ಹೊರಗೆ ಬಂದ ಮೇಲೆ ಅವರು ಹೇಳಿದ್ದು ಇಷ್ಟೇ: "ಇದೇ. ಇಷ್ಟು ದಿನ ನಾನು ಹೇಳ್ತಿದ್ದದ್ದು ಇದನ್ನೇ."

ನಂತರ ನಾನೂ ಮುಟ್ಟಿದೆ. ಮೆತ್ತಗಿರಬೇಕಾದ ಜಾಗದಲ್ಲಿ ಗಟ್ಟಿಯಾದದ್ದೊಂದು ಬೆರಳಿಗೆ ತಾಗಿತು.

ಕಿವಿಯ ಬುಡದಲ್ಲಿ, ತಲೆಬುರುಡೆಯ ಅಡಿಯಿಂದ ಚೂಪಾದ ಎಲುಬಿನ ಕಡ್ಡಿಯೊಂದು ಎಲ್ಲರಿಗೂ ಕೆಳಮುಖವಾಗಿ ಚಾಚಿಕೊಂಡಿರುತ್ತದೆ. ಹೆಸರು ಸ್ಟೈಲಾಯ್ಡ್ ಪ್ರೊಸೆಸ್. ಬರೆಯುವ ಚೂಪು ಕಡ್ಡಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ತಾಳೆಗರಿಯ ಮೇಲೆ ಬರೆಯುವ ಅಂಥ ಕಬ್ಬಿಣದ ಕಡ್ಡಿಗೆ ನಮ್ಮಲ್ಲಿ ಕಂಟ ಎನ್ನುತ್ತಾರೆ. ಕಂಠದಲ್ಲೊಂದು ಕಂಟ! ಇದು ಹೊಳೆದ ರಾತ್ರಿ ನನಗೆ ಎಷ್ಟು ಖುಷಿಯಾಯಿತೆಂದರೆ, ಹಂಚಿಕೊಳ್ಳಲು ಕನ್ನಡ ಬಲ್ಲವರು ಹತ್ತಿರ ಒಬ್ಬರೂ ಇಲ್ಲವಲ್ಲ ಎಂದು ಬೇಜಾರೂ ಆಯಿತು.

ಈ ಕಂಟ ಸಾಮಾನ್ಯವಾಗಿ 25 ಮಿಲಿಮೀಟರ್ ಆಸುಪಾಸು ಇರುತ್ತದೆ. ಅದರ ತುದಿಯಿಂದ ನಾಲಿಗೆಯ ಬುಡದ ಹಯಾಯ್ಡ್ ಎಲುಬಿಗೆ ಒಂದು ತಂತು ಇಳಿಯುತ್ತದೆ. ಕೆಲವರಲ್ಲಿ ಕಂಟವೇ ಉದ್ದ ಬೆಳೆಯುತ್ತದೆ, ಇಲ್ಲವೇ ತಂತು ಎಲುಬಾಗಿ ಗಟ್ಟಿಯಾಗುತ್ತದೆ. 30 ಮಿಲಿಮೀಟರ್ ದಾಟಿದರೆ ಉದ್ದ ಎಂದು ಲೆಕ್ಕ. ಮಿದುಳಿಗೂ ಮುಖಕ್ಕೂ ರಕ್ತ ಒಯ್ಯುವ ಒಳಗಿನ, ಹೊರಗಿನ ಕೆರೋಟಿಡ್ ರಕ್ತನಾಳಗಳೆರಡೂ ಅದರ ಅಕ್ಕಪಕ್ಕದಲ್ಲೇ ಹಾಯುತ್ತವೆ. ಗಂಟಲಿನ ಸಂವೇದನೆಯನ್ನು ಒಯ್ಯುವ ಒಂಬತ್ತನೇ ನರವೂ ಪಕ್ಕದಲ್ಲೇ ಬಳಸಿ ಹೋಗುತ್ತದೆ. ಅದರದೇ ಒಂದು ಕವಲು ಕಿವಿಗೂ ಇರುವುದರಿಂದ ಗಂಟಲು ಚುಚ್ಚಿದರೆ ಕಿವಿ ನೋಯುತ್ತದೆ. 1937ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗಂಟಲು ತಜ್ಞ ವಾಟ್ ಈಗಲ್ ಇದನ್ನು ವಿವರಿಸಿ ಬರೆದರು. ಅಂದಿನಿಂದ ಇದು ಈಗಲ್ ಸಿಂಡ್ರೋಮ್. ನೂರರಲ್ಲಿ ಸುಮಾರು ನಾಲ್ಕು ಜನರಿಗೆ ಉದ್ದದ ಕಂಟ ಇದ್ದರೂ, ನೋವಾಗುವುದು ಅವರಲ್ಲೂ ತೀರಾ ಕೆಲವರಿಗೆ.

ಮೈಸೂರಿನಲ್ಲಿ ಹಲ್ಲಿನ ಡಾಕ್ಟರಾಗಿರುವ ಚಿಕ್ಕಮ್ಮನಿಗೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದೆ. ಅಲ್ಲಿ ಸಂಜೆ ಆರೂವರೆ. ಕ್ಲಿನಿಕ್ಕಿನಲ್ಲಿ ಸಂಜೆಯ ಪೇಷಂಟುಗಳು ಇನ್ನೂ ಶುರುವಾಗಿರಲಿಲ್ಲ. "ಓಪಿಜಿ ತೆಗೆದಾಗ ನಾವು ಎಷ್ಟು ಸಲ ನೋಡ್ತೀವಿ ಕಣೇ ಉದ್ದದ್ದು" ಎಂದರು. ಓಪಿಜಿ ಎಂದರೆ ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುವ ಎಕ್ಸ್‌ರೇ. ಹಲ್ಲು ನೋಡಲೆಂದೇ ತೆಗೆಯುವುದಾದರೂ ಅದರ ಎರಡು ಅಂಚಿನಲ್ಲಿ ಈ ಕಂಟಗಳೂ ಬಿದ್ದಿರುತ್ತವೆ. "ಆದ್ರೆ ಕಣ್ಣು ಹಲ್ಲಿನ ಮೇಲೇ ಇರತ್ತೆ. ಅಂಚು ನೋಡೋ ಅಭ್ಯಾಸ ಬೇಕು." ಆಮೇಲೆ ಒಂದು ಕ್ಷಣ ಸುಮ್ಮನಿದ್ದು, "ಹಲ್ಲು ಕೀಳೋಕ್ ಮುಂಚೆ ಎಕ್ಸ್‌ರೇ ತೆಗೆದಿರ್ತಾರೆ ಅಲ್ವಾ ಅವರಿಗೂ?" ಎಂದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ನಮ್ಮ ರೋಗಿಗೆ ಸಿ.ಟಿ. ಮಾಡಿಸಿದಾಗ ಎಡಗಡೆ 47, ಬಲಗಡೆ 31. ಕಿವಿ-ಮೂಗು-ಗಂಟಲಿನ ತಜ್ಞರು ಟಾನ್ಸಿಲ್ ಗುಳಿಗೆ ಮರಗಟ್ಟಿಸುವ ಔಷಧಿ ಚುಚ್ಚಿ ನೋಡಿದರು. ಸ್ವಲ್ಪ ಹೊತ್ತು ನೋವು ಪೂರ್ತಿ ಹೋಯಿತು. ಆಮೇಲೆ ಕತ್ತಿನ ಹೊರಗಿನಿಂದ ಶಸ್ತ್ರಚಿಕಿತ್ಸೆ ಮಾಡಿ ಎಡಗಡೆಯದನ್ನು ಮೊಟಕುಗೊಳಿಸಿದರು. ಆರು ವಾರದ ನಂತರ ಬಂದಾಗ ಆಕೆ ನಮ್ಮೆದುರೇ ಒಂದು ಲೋಟ ನೀರನ್ನು ಗಟಗಟ ಕುಡಿದು ತೋರಿಸಿದರು.

ನಾನು ಆ ದಿನ ಕತ್ತು ತಿರುಗಿಸಿ ಒತ್ತು ಕೊಟ್ಟಿದ್ದರೆ? ಕೆರೋಟಿಡ್ ಪಕ್ಕದಲ್ಲೇ ಅಷ್ಟುದ್ದದ ಚೂಪು ಎಲುಬು. ಉದ್ದದ ಕಂಟದಿಂದ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳನ್ನು ಈ ತಿಂಗಳು ಒಂದೊಂದಾಗಿ ಓದಿದ್ದೇನೆ. ಓದಿದ ರಾತ್ರಿ ನಿದ್ದೆ ಬಂದಿಲ್ಲ.

ಮಧ್ಯಾಹ್ನ ಇಲ್ಲಿನ ಮ್ಯೂಸಿಯಂಗೆ ಹೋಗಿದ್ದೆ. ಆಸ್ಟಿಯೋಪತಿ ಶುರುಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮೊದಲ ಶಾಲೆ ತೆರೆದದ್ದು ಇದೇ ಊರಿನಲ್ಲಿ. ಆ ಎರಡು ಕೋಣೆಯ ಮರದ ಕಟ್ಟಡ ಇನ್ನೂ ಇದೆ. ಮೊದಲ ತಂಡದಲ್ಲೇ ಹೆಂಗಸರಿದ್ದರು ಎಂಬುದು ನನಗೆ ಯಾವಾಗಲೂ ಹೆಮ್ಮೆ. 1864ರಲ್ಲಿ ಮೆನಿಂಜೈಟಿಸ್ ಬಂದು ಸ್ಟಿಲ್ ಮನೆಯ ಮೂವರು ಮಕ್ಕಳು ತೀರಿಕೊಂಡರು. ತನ್ನ ಕಾಲದ ಔಷಧಿಗಳ ಮೇಲೆ ಅವನು ನಂಬಿಕೆ ಕಳೆದುಕೊಂಡದ್ದು ಆ ದುಃಖದಲ್ಲೇ. ಅದು ನನಗೆ ಅರ್ಥವಾಗುತ್ತದೆ. ಆದರೆ ಅಂಗರಚನೆ ಕಲಿಯಲು ಮೂಲನಿವಾಸಿಗಳ ಗೋರಿಗಳನ್ನು ಅಗೆದದ್ದನ್ನು ಅವನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದನ್ನು ನೆನೆಯದೆ ಅವನ ಚಿತ್ರದ ಮುಂದೆ ನಿಲ್ಲಲು ನನ್ನಿಂದ ಆಗುವುದಿಲ್ಲ. ಆ ಎಲುಬುಗಳ ಒಡೆಯರನ್ನು ಯಾರೂ ಕೇಳಿರಲಿಲ್ಲ.

ಅಲ್ಲೇ ಗಾಜಿನ ಹಿಂದೆ ಒಬ್ಬ ಮನುಷ್ಯನ ಇಡೀ ನರಮಂಡಲವಿದೆ. 1925ರಲ್ಲಿ ಇಬ್ಬರು ವಿದ್ಯಾರ್ಥಿಗಳು ಮಿದುಳಿನ ಬುಡದಿಂದ ಶುರುಮಾಡಿ ಎಳೆ ಎಳೆಯಾಗಿ ಬಿಡಿಸಿ, ಬಿಡಿಸಿದ್ದನ್ನು ಹತ್ತಿಯಲ್ಲಿ ಸುತ್ತಿಡುತ್ತಾ ಕೆಳಗಿಳಿದರು. 1,500 ಗಂಟೆ ಹಿಡಿಯಿತಂತೆ. ದೂರದಿಂದ ಒಣಗಿದ ಬೇರಿನ ಜಾಲ, ಹತ್ತಿರ ಹೋದರೆ ಯಾರೋ ಒಬ್ಬರು ನಿಂತಿದ್ದಾರೆ. ಒಂಬತ್ತನೇ ನರವನ್ನು ತುಂಬ ಹೊತ್ತು ಹುಡುಕಿದೆ, ಇದೇ ಎಂದು ಬೆರಳಿಟ್ಟು ಹೇಳುವಷ್ಟು ಗುರುತಾಗಲಿಲ್ಲ.

ಸಂಜೆ ನಮ್ಮ ಡಾಕ್ಟರು ಕರಡು ತಿದ್ದಿ ಕಳಿಸಿದ್ದರು. ಸಾರಾಂಶದ ಕೊನೆಯಲ್ಲಿ ನಾನು "ಆಸ್ಟಿಯೋಪತಿಕ್ ಸ್ಪರ್ಶ ಪರೀಕ್ಷೆಯಿಂದಲೇ ರೋಗ ಪತ್ತೆಯಾಯಿತು" ಎಂದು ಬರೆದಿದ್ದೆ. ಇಡೀ ಸಾಲಿಗೆ ಕೆಂಪು ಗೆರೆ. ಪಕ್ಕದಲ್ಲಿ ಅವರ ಟಿಪ್ಪಣಿ: ಗುಳಿಗೆ ಬೆರಳಿಟ್ಟು ನೋಡುವ ಪರೀಕ್ಷೆ ಈಗಲ್ ಕಾಲದಿಂದ ಇದೆ, ಅದು ನಮ್ಮ ಪಂಗಡದ ಸೊತ್ತಲ್ಲ.

ಮೊದಲು ನೋವಾಯಿತು. ಯೋಚಿಸಿದಷ್ಟೂ ಅವರ ಮಾತು ಸರಿ ಎನ್ನಿಸಿತು. ನಮ್ಮ ವಿದ್ಯೆಗೆ ಪುರಾವೆ ಇರುವ ಕಡೆ ಅದನ್ನು ಎದೆ ತಟ್ಟಿ ಹೇಳಬಹುದು. 1999ರ ಒಂದು ಅಧ್ಯಯನದಲ್ಲಿ ಸೊಂಟನೋವಿನ 155 ಜನರನ್ನು ನೋಡಿದರು. ಕೈಚಿಕಿತ್ಸೆ ಪಡೆದವರೂ ಮಾಮೂಲಿ ಚಿಕಿತ್ಸೆ ಪಡೆದವರೂ ಒಂದೇ ಮಟ್ಟಕ್ಕೆ ಸುಧಾರಿಸಿದರು, ಆದರೆ ಕೈಚಿಕಿತ್ಸೆಯವರಿಗೆ ಮಾತ್ರೆ ಕಡಿಮೆ ಸಾಕಾಯಿತು. 2010ರಲ್ಲಿ ಪ್ರಕಟವಾದ ನ್ಯುಮೋನಿಯಾ ಅಧ್ಯಯನದಲ್ಲಿ 406 ರೋಗಿಗಳು. ಸೇರಿದವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಚಿಕಿತ್ಸೆಯನ್ನು ಕ್ರಮದಂತೆ ಪೂರೈಸಿದವರನ್ನು ಮಾತ್ರ ನೋಡಿದರೆ ಆಸ್ಪತ್ರೆಯ ದಿನಗಳು ಕಡಿಮೆಯಾಗಿದ್ದವು. ಮೊದಲರ್ಧವನ್ನು ನುಂಗಿ ಎರಡನೆಯದನ್ನಷ್ಟೇ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನೂ ಅದನ್ನೇ ಮಾಡಹೊರಟಿದ್ದೆನಲ್ಲ. ಒಬ್ಬ ರೋಗಿಯ ಕತೆ "ಹೀಗೂ ಆಗಬಹುದು, ಗಮನಿಸಿ" ಎಂದು ಹೇಳಬಲ್ಲದು. ಒಂದು ಪದ್ಧತಿ ಗೆದ್ದಿತು ಎನ್ನಲು ಅದರಿಂದ ಆಗದು.

ಏಳು ಗಂಟೆಗೆ ರೋಗಿಗೆ ಫೋನ್ ಮಾಡಿದೆ. ಒಬ್ಬರದೇ ಪ್ರಕರಣವಾದರೆ ನೀತಿ ಸಮಿತಿಯ ಪೂರ್ತಿ ಪರಿಶೀಲನೆ ಬಹುತೇಕ ಬೇಕಾಗುವುದಿಲ್ಲ. ರೋಗಿಗೆ ಕರಡು ತೋರಿಸಲೇಬೇಕೆಂಬ ಕಾನೂನೂ ನನ್ನ ಮೇಲಿರಲಿಲ್ಲ. ಆದರೂ ಕಳಿಸಿದ್ದೆ. ಗಾಜಿನ ಹಿಂದೆ ನಿಂತಿದ್ದವರನ್ನು ನೋಡಿ ಬಂದ ಮೇಲಂತೂ ಕೇಳದೆ ಮುದ್ರಿಸಲು ಮನಸ್ಸು ಒಪ್ಪಲಿಲ್ಲ.

ಅವರು ಓದಿದ್ದರು, ಪ್ರತಿ ಸಾಲನ್ನೂ. "ಇಲ್ಲಿ 'ರೋಗಿಯು ಪೆಟ್ಟು ಬಿದ್ದುದನ್ನು ನಿರಾಕರಿಸುತ್ತಾರೆ' ಅಂತ ಬರೆದಿದ್ದೀಯಲ್ಲಮ್ಮ. ನಾನೇನು ಮುಚ್ಚಿಡ್ತಿದ್ದೀನಾ?" ಎಂದರು. ನಮ್ಮ ಕೇಸ್ ಶೀಟುಗಳಲ್ಲಿ ಹಾಗೇ ಬರೆಯುವುದು ವಾಡಿಕೆ. ಇಲ್ಲ ಎಂದರು ಅನ್ನುವ ಬದಲು ನಿರಾಕರಿಸಿದರು ಅನ್ನುತ್ತೇವೆ. ಮೂರು ವರ್ಷ ಬರೆದೂ ಅದು ಓದುವವರಿಗೆ ಹೇಗೆ ತಾಗುತ್ತದೆಂದು ನಾನು ಯೋಚಿಸಿರಲಿಲ್ಲ. ನಾಲ್ಕು ವರ್ಷ ಯಾರೂ ನಂಬದವರಿಗೆ ಆ ಪದ ಹೇಗೆ ತಾಗಬೇಡ! ಕ್ಷಮೆ ಕೇಳಿ, ಪೆಟ್ಟು ಬಿದ್ದಿರಲಿಲ್ಲ ಎಂದು ತಿದ್ದಿದೆ.

"ಇನ್ನೊಂದು. ನನ್ನ ಹಲ್ಲು ಎಲ್ಲಿ?"

300 ಪದಗಳ ಮಿತಿಗಾಗಿ ಕತ್ತರಿಸಿದ್ದೆ. ರೋಗಕ್ಕೂ ಹಲ್ಲಿಗೂ ನೇರ ಸಂಬಂಧವಿಲ್ಲ ಎಂಬುದು ನನ್ನ ಲೆಕ್ಕವಾಗಿತ್ತು. ಹಾಗೆಂದು ಹೇಳಿದೆ.

"ಸಂಬಂಧ ಇಲ್ಲ ಅಂತಲೇ ಬರೀಬೇಕು. ಸುಮ್ಮನೆ ಹೋಯ್ತಲ್ಲ ಅದು."

ಡಾಕ್ಟರು ಕೆಂಪು ಗೆರೆ ಎಳೆದ ಸಾಲನ್ನು ತೆಗೆದಾಗ ಜಾಗ ತಾನಾಗಿ ಸಿಕ್ಕಿತು. ಅಲ್ಲಿ ಬರೆದೆ: ರೋಗ ಪತ್ತೆಯಾಗುವ ಮೊದಲು ಆರೋಗ್ಯವಾಗಿದ್ದ ಒಂದು ದವಡೆ ಹಲ್ಲನ್ನು ಕೀಳಲಾಗಿತ್ತು, ಇದರಿಂದ ನೋವು ಕಡಿಮೆಯಾಗಲಿಲ್ಲ. ಅದರ ಕೆಳಗೆ ಚಿಕ್ಕಮ್ಮ ಹೇಳಿದ್ದನ್ನು ಒಂದು ಸಾಲಾಗಿ ಸೇರಿಸಿದೆ: ದವಡೆಯ ಎಕ್ಸ್‌ರೇ ಇದ್ದಲ್ಲಿ ಅದರ ಅಂಚುಗಳನ್ನೂ ನೋಡಬೇಕು.

ಒಂಬತ್ತೂವರೆಗೆ ತಿದ್ದಿದ ಪ್ರತಿಯನ್ನು ಅವರಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಮೆಸೇಜ್ ಬಂತು.

"ಎಡಗಡೆ, ಕೆಳಗಿನದು."

ಅದನ್ನೂ ಸೇರಿಸಿದೆ.